ಟ್ಯೂಬ್ ಕಿತ್ತು ರಬ್ಬರ್ ಹಾಲು ಹೊಯ್ದ ಕಥೆ

ಸೈಕಲ್ ಟಯರಿನ ಒಳಗೆ ಹೊಯ್ಯಲು ತರಿಸಿದ ಬಾಟಲಿಯ ಮುಚ್ಚಳ ತೆಗೆದದ್ದೇ ತಡ, ಚಾವಡಿಯಲ್ಲಿ ಪೇಪರ್ ಓದುತ್ತಿದ್ದ ಅಪ್ಪ ಮೂಗು ಮುಚ್ಚಿಕೊಂಡು ಎದ್ದು ಬಂದರು. ಒಂದು ಹನಿಯನ್ನು ತೋರುಬೆರಳಲ್ಲಿ ಮುಟ್ಟಿ, ಹೆಬ್ಬೆರಳಿಗೆ ತಿಕ್ಕಿ, ಎರಡೂ ಬೆರಳು ಮೆಲ್ಲ ಬಿಡಿಸಿದರು. ನೂಲಿನ ಹಾಗೆ ಬಿಳಿ ಎಳೆ ಬಂತು.

"ಇದು ನಮ್ಮ ರಬ್ಬರ್ ಹಾಲಲ್ವಾ?"

"ಹೌದು. ಹೆಪ್ಪುಗಟ್ಟದ ಹಾಗೆ ಅಮೋನಿಯ ಹಾಕಿರ್ತಾರೆ. ಅದರದ್ದೇ ವಾಸನೆ."

"ಎಷ್ಟು ಕೊಟ್ಟೆ ಇದಕ್ಕೆ?"

"ಅರ್ಧ ಲೀಟರಿಗೆ ಒಂಬೈನೂರು."

ಅಪ್ಪ ಏನೂ ಹೇಳಲಿಲ್ಲ. ಒಂದು ಕಿಲೋ ಒಣಗಿದ ರಬ್ಬರ್ ಶೀಟಿಗೆ ಇನ್ನೂರು ಸಿಕ್ಕಿದ ದಿನ ಮನೆಯಲ್ಲಿ ಪಾಯಸ ಮಾಡಿಸುವ ಮನುಷ್ಯ ಅವರು. ಹೋಗಿ ಕೂತು ಪೇಪರ್ ಎತ್ತಿದರು. ಸ್ವಲ್ಪ ಹೊತ್ತಿನ ಮೇಲೆ ಪೇಪರಿನ ಹಿಂದಿನಿಂದ "ಮರುಳು" ಅಂತ ಒಂದೇ ಶಬ್ದ ಬಂತು.

ನಮ್ಮ ಮನೆ ಕಾಸರಗೋಡಿನ ನೀರ್ಚಾಲಿನ ಹತ್ತಿರ. ಮನೆಯ ಹಿಂದೆ ಒಂದಿಷ್ಟು ಅಡಿಕೆ, ಗುಡ್ಡದ ಮೇಲೆ ರಬ್ಬರ್. ನನ್ನ ಹತ್ತಿರ ಗೇರ್ ಇರುವ ಒಂದು ಸೈಕಲ್ ಉಂಟು. 29 ಇಂಚಿನ ಚಕ್ರ, ಅಗಲ ಟಯರು, ಐದು ವರ್ಷ ಹಳತು. ಬೆಳಿಗ್ಗೆ ಸೀತಾಂಗೋಳಿ, ನಾಯ್ಕಾಪು ದಾಟಿ ಕುಂಬಳೆವರೆಗೆ ಹೋಗಿ ಬರುತ್ತೇನೆ. ಭಾನುವಾರ ಮನಸ್ಸಾದರೆ ಧರ್ಮತ್ತಡ್ಕದ ಕಡೆ ಪೊಸಡಿ ಗುಂಪೆ ಗುಡ್ಡಕ್ಕೆ. ಸೈಕಲ್ ತುಳಿಯುವುದಕ್ಕಿಂತ ಪಂಕ್ಚರ್ ತಿದ್ದುವುದೇ ಜಾಸ್ತಿ ಆಗಿತ್ತು. ನಮ್ಮ ಕಡೆ ಟಯರಿಗೆ ಶತ್ರುಗಳು ಮೂರು ಥರ. ಮಣ್ಣು ದಾರಿಯಲ್ಲಿ ಬಿದಿರ ಮುಳ್ಳು. ಕುಂಬಳೆಯಲ್ಲಿ ಹೈವೇ 66 ಅಗಲ ಮಾಡುವ ಕೆಲಸ ಶುರುವಾದ ಮೇಲೆ ಬದಿರಸ್ತೆಯಲ್ಲೆಲ್ಲ ಬೈಂಡಿಂಗ್ ವಯರಿನ ತುಂಡು. ಪದವಿನ, ಅಂದರೆ ಬೋಳುಗುಡ್ಡದ, ಮೇಲೆ ಮುರಕಲ್ಲಿನ ಚೂಪು ಅಂಚು.

ಮೂರನೆಯದ್ದು ಮಹಾ ಪಾಪಿ. ಮುಳ್ಳಾದರೆ ಟ್ಯೂಬಿಗೆ ಒಂದು ತೂತು. ಕಲ್ಲಿನ ಅಂಚಿಗೆ ಚಕ್ರ ಹೊಡೆದರೆ ಟಯರು ಒತ್ತಿ, ಟ್ಯೂಬ್ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ, ಅಕ್ಕಪಕ್ಕ ಎರಡು ತೂತು ಬೀಳುತ್ತದೆ. ನೋಡಿದರೆ ಥೇಟ್ ಹಾವು ಕಚ್ಚಿದ ಗುರುತು. ಅದು ಆಗಬಾರದು ಅಂತ ಗಾಳಿ ಜಾಸ್ತಿ ಹಾಕಿದರೆ ಸೊಂಟ ಹೋಗುತ್ತದೆ. ಕಳೆದ ದೀಪಾವಳಿಯ ಮರುದಿನ ಒಂದೇ ಬೆಳಿಗ್ಗೆ ಮೂರು ಪಂಕ್ಚರ್ ಆಯಿತು. ಕಿಸೆಯಲ್ಲಿದ್ದ ಪ್ಯಾಚ್ ಮುಗಿಯಿತು. ಸೈಕಲನ್ನು ಆಟೋದ ಹಿಂದೆ ಕಟ್ಟಿ ಮನೆಗೆ ಬಂದೆ. ಟ್ಯೂಬೇ ಇಲ್ಲದಿದ್ದರೆ ಕಚ್ಚುವುದಕ್ಕೆ ಹಾವಿಗೆ ಏನು ಸಿಗುತ್ತದೆ ಅಂತ ಆಗ ಹೊಳೆಯಿತು.

ಬೈಕಿಗೆ, ಕಾರಿಗೆ ಟ್ಯೂಬ್‌ಲೆಸ್ ಬಂದು ಎಷ್ಟೋ ಕಾಲವಾಯಿತು. ಸೈಕಲಿಗೆ ಅದು ಸರಿಯಾಗಿ ಬಂದದ್ದು 1999ರಲ್ಲಿ, ಫ್ರಾನ್ಸಿನ ಮಾವಿಕ್ ಕಂಪೆನಿ ಟಯರು ಮಾಡುವವರ ಜೊತೆ ಸೇರಿ ಅದಕ್ಕಾಗಿಯೇ ಬೇರೆ ರಿಮ್ ಮಾಡಿದಾಗ. ಈಗ ದುಬಾರಿ ಸೈಕಲುಗಳಲ್ಲಿ ಟ್ಯೂಬ್‌ಲೆಸ್‌ಗೆ ತಯಾರಾದ ರಿಮ್ಮೇ ಬರುತ್ತದೆ. ಅದರ ಒಳಗೋಡೆಯ ಬುಡದಲ್ಲಿ ಒಂದು ಸಣ್ಣ ದಿಬ್ಬ ಇರುತ್ತದೆ. ಟಯರಿನ ಅಂಚು, ಅಂದರೆ ಬೀಡು, ಆ ದಿಬ್ಬ ಹಾರಿ ಕೂತರೆ ಮತ್ತೆ ಜಾರುವುದಿಲ್ಲ. ನನ್ನದು ಸಾದಾ ರಿಮ್. ದಿಬ್ಬ ಇಲ್ಲ. ಹೊಸ ಚಕ್ರ ತರಿಸುವ ದುಡ್ಡಿಗೆ ಇನ್ನೊಂದು ಸೈಕಲೇ ಬರುತ್ತದೆ. ಹಾಗಾಗಿ ಇದ್ದದ್ದನ್ನೇ ಪರಿವರ್ತನೆ ಮಾಡುವ ಅಂತ ಹೊರಟೆ.

ಮೊದಲು ಹೋದದ್ದು ಪೇಟೆಯ ಪಂಕ್ಚರ್ ಅಂಗಡಿಯ ಕಾಕನ ಹತ್ತಿರ. ನಾನು ಶಾಲೆಗೆ ಹೋಗುವಾಗಿಂದ ನನ್ನ ಸೈಕಲಿಗೆ ಗಾಳಿ ಹಾಕಿದವರು. ಅರ್ಧ ಮಲಯಾಳ, ಅರ್ಧ ತುಳು, ನಡುನಡುವೆ ಕನ್ನಡ ಅವರ ಮಾತು.

"ಟ್ಯೂಬಿಲ್ಲದೆ ಗಾಳಿ ಎಲ್ಲಿ ನಿಲ್ಲುವುದು ಮಾರಾಯ? ನಿನ್ನ ರಿಮ್ಮಿನಲ್ಲಿ ಎಷ್ಟು ತೂತು ಉಂಟು ಎಣಿಸಿದ್ದೀಯಾ?"

ಎಣಿಸಿದೆ. ಕಡ್ಡಿಯದ್ದು 32, ವಾಲ್ವಿನದ್ದು ಒಂದು. 33. ಕಾಕ ಹೇಳಿದ್ದು ಸರಿಯೇ. ಬೈಕುಗಳಲ್ಲೂ ಕಡ್ಡಿಯ ಚಕ್ರಕ್ಕೆ ಸಾಮಾನ್ಯವಾಗಿ ಟ್ಯೂಬೇ ಹಾಕುವುದು, ಅಲಾಯ್ ಚಕ್ರಕ್ಕೆ ಮಾತ್ರ ಟ್ಯೂಬ್‌ಲೆಸ್. ಕಾರಣ ಈ ತೂತುಗಳೇ. ಅಂದರೆ ನನ್ನ ಕೆಲಸ ಇಷ್ಟು: 32 ತೂತು ಮುಚ್ಚಬೇಕು, ವಾಲ್ವಿನ ಒಂದನ್ನು ಬಿಗಿ ಮಾಡಬೇಕು, ಆಮೇಲೆ ಬೀಡು ರಿಮ್ಮಿಗೆ ಅಂಟಿ ಕೂರಬೇಕು. ಕೇಳಲಿಕ್ಕೆ ಸುಲಭ ಅಲ್ವಾ?

ಮೊದಲ ತಪ್ಪು ಜಿಪುಣತನದ್ದು. ಮನೆಯಲ್ಲಿ ಕರೆಂಟಿನ ಕೆಲಸಕ್ಕೆ ತಂದ ಇನ್ಸುಲೇಷನ್ ಟೇಪ್ ಇತ್ತು. ಅದನ್ನೇ ರಿಮ್ಮಿನ ಒಳಗೆ ಮೂರು ಸುತ್ತು ಸುತ್ತಿದೆ. ಗಾಳಿ ಹಾಕಿ ಸಾಬೂನು ನೀರು ಹಚ್ಚಿದಾಗ ಒಂದೊಂದು ಕಡ್ಡಿಯ ಬುಡದಲ್ಲೂ ಗುಳ್ಳೆ ಎದ್ದಿತು. ಮಕ್ಕಳು ಕೊಳವೆಯಲ್ಲಿ ಊದುವ ಹಾಗೆ, ಒಂದಾದ ಮೇಲೊಂದು. ಆ ಟೇಪ್ ರಬ್ಬರಿನ ಹಾಗೆ ಹಿಗ್ಗುತ್ತದೆ. ಗಾಳಿಯ ಒತ್ತಡಕ್ಕೆ ಪ್ರತಿ ತೂತಿನೊಳಗೂ ಹೊಟ್ಟೆ ಬಿಟ್ಟು ಇಳಿಯುತ್ತದೆ. ಬದಿಯಲ್ಲಿ ಸಂದು ಬಿಡುತ್ತದೆ. ಬೇಕಾದದ್ದು ಹಿಗ್ಗದ, ಬಲವಾದ ಟೇಪ್.

ಅಗಲದ ಲೆಕ್ಕವೂ ಉಂಟು. ನನ್ನ ರಿಮ್ಮಿನ ಮೇಲಿನ ಚೀಟಿಯಲ್ಲಿ 622x19 ಅಂತ ಇದೆ. 622 ಅಂದರೆ ಬೀಡು ಕೂರುವ ಜಾಗದ ವ್ಯಾಸ, ಮಿಲಿಮೀಟರಿನಲ್ಲಿ. 19 ಒಳಗಿನ ಅಗಲ. ಟೇಪ್ ಅದಕ್ಕಿಂತ ಎರಡು ಮೂರು ಮಿಲಿಮೀಟರ್ ಜಾಸ್ತಿ ಇರಬೇಕು, ಯಾಕೆಂದರೆ ರಿಮ್ಮಿನ ಒಳಗೆ ನಡುವೆ ಒಂದು ಹಳ್ಳ ಇರುತ್ತದೆ. ಟೇಪ್ ಹಳ್ಳಕ್ಕೆ ಇಳಿದು, ಮತ್ತೆ ಹತ್ತಿ, ಎರಡೂ ಗೋಡೆಯ ಬುಡ ಮುಟ್ಟಬೇಕು. 21 ಮಿಲಿಮೀಟರಿನ ಹಳದಿ ಟೇಪ್ ತರಿಸಿದೆ. ಅದರ ಜೊತೆಗೇ ವಾಲ್ವ್, ಮತ್ತೆ ಟಯರಿನೊಳಗೆ ಇದ್ದು ಮುಳ್ಳಿನ ತೂತು ಮುಚ್ಚುವ ಆ ರಬ್ಬರ್ ಹಾಲು.

ವಾಲ್ವಿನಲ್ಲೂ ಒಮ್ಮೆ ಎಡವಿದೆ. ಸೈಕಲಿನ ಟ್ಯೂಬ್‌ಲೆಸ್ ವಾಲ್ವ್ ಅಂದರೆ ಹೆಚ್ಚಾಗಿ ಪ್ರೆಸ್ಟಾ, ತೆಳ್ಳನೆ ಕುತ್ತಿಗೆಯದ್ದು. ಅದಕ್ಕೆ ಆರೂವರೆ ಮಿಲಿಮೀಟರ್ ತೂತು ಸಾಕು. ನನ್ನ ರಿಮ್ಮಿನಲ್ಲಿರುವುದು ಬೈಕಿನ ಥರದ ವಾಲ್ವಿಗೆ ಕೊರೆದ ಎಂಟೂವರೆ ಮಿಲಿಮೀಟರಿನ ತೂತು. ತರಿಸಿದ ಪ್ರೆಸ್ಟಾ ಒಳಗೆ ಗಡಗಡ ಅಲ್ಲಾಡಿತು. ಕಾಕ ಧಾರಾಳವಾಗಿ ಸ್ಕೂಟರಿನ ಟ್ಯೂಬ್‌ಲೆಸ್ ವಾಲ್ವ್ ಕೊಟ್ಟರು. ಅದು ತೂತಿಗಿಂತ ದಪ್ಪ. "ಡ್ರಿಲ್ ಹೊಡೆಯುವನಾ?" ಅಂತ ಕೇಳಿದರು. ಬೇಡ ಕಾಕ ಅಂದೆ. ಕೊನೆಗೆ ದಪ್ಪ ಕುತ್ತಿಗೆಯ, ಒಳಗೆ ರಬ್ಬರಿನ ಪಾದ, ಹೊರಗೆ ನಟ್ ಇರುವ ವಾಲ್ವ್ ಒಂದು ಜೋಡಿ ಮತ್ತೆ ತರಿಸಿದೆ. ಆ ಪ್ರೆಸ್ಟಾ ಜೋಡಿ ಈಗಲೂ ಮೇಜಿನ ಡ್ರಾಯರಿನಲ್ಲಿ ಬಿದ್ದಿದೆ. ಯಾರಿಗಾದರೂ ಬೇಕಾ?

ಟೇಪ್ ಹಾಕುವ ಕೆಲಸಕ್ಕೆ ಒಂದು ಇಡೀ ಮಧ್ಯಾಹ್ನ ಹೋಯಿತು. ಹಳೇ ರಬ್ಬರ್ ಪಟ್ಟಿ ಕಿತ್ತೆ. ಮೆಡಿಕಲ್ ಶಾಪಿನ ಸ್ಪಿರಿಟ್ ಹಾಕಿ ರಿಮ್ ಉಜ್ಜಿದೆ. ಐದು ವರ್ಷದ ಕೆಂಪುಮಣ್ಣು ಬಟ್ಟೆಗೆ ಬಂತು. ಎಣ್ಣೆ ಪಸೆ ಒಂದು ಚೂರು ಉಳಿದರೂ ಟೇಪ್ ಹಿಡಿಯುವುದಿಲ್ಲ. ಚಕ್ರವನ್ನು ಎರಡು ಮಂಡಿಯ ನಡುವೆ ಹಿಡಿದು, ವಾಲ್ವ್ ತೂತಿನಿಂದ ದೂರದಲ್ಲಿ ಶುರು ಮಾಡಿ, ಟೇಪನ್ನು ಬಲವಾಗಿ ಎಳೆಯುತ್ತಾ ಒಂದೊಂದು ಗೇಣು ಕೂರಿಸುತ್ತಾ ಬಂದೆ. ಸಡಿಲ ಬಿಟ್ಟರೆ ಹಳ್ಳದ ಮೇಲೆ ಸೇತುವೆಯ ಹಾಗೆ ನಿಲ್ಲುತ್ತದೆ, ಕೆಳಗೆ ಗಾಳಿಗೆ ದಾರಿ. ಹೆಬ್ಬೆರಳಲ್ಲಿ ಒತ್ತಿ ಒತ್ತಿ ಉಗುರಿನ ಬುಡ ನೋಯತೊಡಗಿತು. ಒಂದು ಸುತ್ತು ಸಾಕು ಅನ್ನುವವರಿದ್ದಾರೆ. ಸಾದಾ ರಿಮ್ಮಿಗೆ ನಾನು ಎರಡು ಸುತ್ತು ಹಾಕಿದೆ. ತೂತಿಗೆ ಬಲ ಬರುತ್ತದೆ, ಜೊತೆಗೆ ತಳ ಒಂದು ಕೂದಲಿನಷ್ಟು ಎತ್ತರವಾಗಿ ಬೀಡು ಬಿಗಿಯಾಗಿ ಕೂರುತ್ತದೆ. ದಿಬ್ಬ ಇಲ್ಲದ ರಿಮ್ಮಿಗೆ ಅದೇ ದೊಡ್ಡ ಉಪಕಾರ.

ವಾಲ್ವಿಗೆ ಟೇಪಿನಲ್ಲಿ ತೂತು ಮಾಡಲು ಬ್ಲೇಡು ಮುಟ್ಟಬೇಡಿ. ಬ್ಲೇಡಿನ ಗೀರು ಬಿರುಕಾಗಿ ಮುಂದೆ ಓಡುತ್ತದೆ. ಅಡಿಕೆ ಗೋಣಿ ಹೊಲಿಯುವ ದಬ್ಬಣವನ್ನು ಗ್ಯಾಸಿನ ಉರಿಯಲ್ಲಿ ಕಾಯಿಸಿ ಚುಚ್ಚಿದೆ. ಸುತ್ತ ಕರಗಿ ಅಂಚು ಗಟ್ಟಿಯಾದ ದುಂಡನೆ ತೂತು ಬಿತ್ತು. ಇಡೀ ಪ್ರಸಂಗದಲ್ಲಿ ಯಾರೂ ಹೇಳಿಕೊಡದೆ ನನ್ನ ತಲೆಗೇ ಬಂದ ಒಂದೇ ಒಂದು ಉಪಾಯ ಇದು. ಹಾಗಾಗಿ ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೇನೆ.

ಇನ್ನು ಟಯರು ಕೂರಿಸುವುದು. ಕೈಪಂಪಿನಲ್ಲಿ ಹೊಡೆದೆ, ಹೊಡೆದೆ. ಒಂದು ಕಡೆಯಿಂದ ಹಾಕಿದ ಗಾಳಿ ಇನ್ನೊಂದು ಕಡೆಯಿಂದ ಬುಸ್ಸೆಂದು ಹೊರಗೆ. ಟಯರು ರಿಮ್ಮಿನ ಮೇಲೆ ಸಡಿಲ ಬನಿಯನ್ ಹಾಗೆ ಕೂತಿದ್ದರೆ ಎಷ್ಟು ಹೊಡೆದರೂ ಅಷ್ಟೇ. ಸೋರುವುದಕ್ಕಿಂತ ಬೇಗ ಗಾಳಿ ನುಗ್ಗಬೇಕು. ನೆರೆಮನೆಯ ಹುಡುಗ ಜ್ಯೂಸಿನ ದೊಡ್ಡ ಪ್ಲಾಸ್ಟಿಕ್ ಬಾಟಲಿಯಲ್ಲಿ ಗಾಳಿ ತುಂಬಿಸಿ ಒಮ್ಮೆಲೇ ಬಿಡುವ ಅಂದ. ಬಾಟಲಿ ಮುಖಕ್ಕೇ ಸಿಡಿದರೆ? ಅಮ್ಮ ಒಳಗಿನಿಂದಲೇ "ಅದೆಲ್ಲ ಬೇಡ" ಅಂದರು. ಅಲ್ಲಿಗೆ ಮುಗಿಯಿತು.

ಕೊನೆಗೆ ಫಲ ಕೊಟ್ಟದ್ದು ಅರ್ಧಂಬರ್ಧ ಉಪಾಯ. ಮೊದಲು ಟ್ಯೂಬ್ ಹಾಕಿಯೇ ಗಾಳಿ ತುಂಬಿಸಿ ರಾತ್ರಿ ಇಡೀ ಬಿಟ್ಟೆ. ಎರಡೂ ಬೀಡು ಜಾಗದಲ್ಲಿ ಕೂತವು. ಬೆಳಿಗ್ಗೆ ಒಂದು ಬದಿ ಮಾತ್ರ ಬಿಡಿಸಿ ಟ್ಯೂಬ್ ಎಳೆದೆ, ವಾಲ್ವ್ ಬಿಗಿದೆ. ಈಗ ಕೂರಿಸಬೇಕಾದದ್ದು ಒಂದೇ ಬದಿ. ಬೀಡಿಗೆ ಸಾಬೂನು ನೀರು ಹಚ್ಚಿ, ವಾಲ್ವಿನ ಒಳಗಿನ ಪಿನ್ ಬಿಚ್ಚಿ ಕಾಕನ ಕಂಪ್ರೆಸರಿಗೆ ಒಯ್ದೆ. ಪಿನ್ ಇಲ್ಲದಿದ್ದರೆ ಗಾಳಿಗೆ ದಾರಿ ಅಗಲ.

ಕಾಕ ಪೈಪು ಒತ್ತಿದರು. ಬುಸ್. ಮತ್ತೊಮ್ಮೆ ಬುಸ್. ಮೂರನೇ ಸಲ ಟಯರಿನ ಹೊಟ್ಟೆ ಉಬ್ಬಿತು, ಮತ್ತೆ ಠಪ್! ತೆಂಗಿನಕಾಯಿ ಒಡೆದ ಶಬ್ದ. ಪಕ್ಕದ ಹೋಟೆಲಿನವ ಸೌಟು ಹಿಡಿದುಕೊಂಡೇ ಹೊರಗೆ ಬಂದ. ಇನ್ನೊಂದು ಠಪ್. ನಾನು "ಸಾಕು ಕಾಕ, ಸಾಕು" ಅಂತ ಕೂಗಿದೆ. ಗಾಳಿಯ ಒತ್ತಡ ನಲವತ್ತು ಪಿಎಸ್ಐಗಿಂತ ಮೇಲೆ ಹೋಗಬಾರದು ಅಂತ ಮೊದಲೇ ನಿರ್ಧರಿಸಿದ್ದೆ. ಸಾದಾ ರಿಮ್ಮಿನಿಂದ ಬೀಡು ಹಾರಿದರೆ ಹತ್ತಿರ ಇದ್ದವರ ಕಿವಿ, ಕಣ್ಣು ಎರಡಕ್ಕೂ ಅಪಾಯ. ಕಂಪ್ರೆಸರಿನವರಿಗೆ ಲಾರಿ ಟಯರಿನ ಅಭ್ಯಾಸ ಬೇರೆ.

ಕಾಕ ಟಯರಿಗೆ ಒಂದು ಪೆಟ್ಟು ಕೊಟ್ಟು "ನಿಂತಿತಲ್ಲ!" ಅಂದರು. ನನಗಿಂತ ಅವರಿಗೇ ಆಶ್ಚರ್ಯ.

ಗಾಳಿ ಇಳಿಸಿದರೂ ಬೀಡು ಕೂತಲ್ಲೇ ಇತ್ತು. ಮನೆಗೆ ತಂದು ಅಂಗಳದಲ್ಲಿ ಅಡಿಕೆ ಹಾಳೆ ಹಾಸಿ ಬಾಟಲಿಯ ಮುಚ್ಚಳ ತೆಗೆದೆ. ಅಪ್ಪ ಮೂಗು ಮುಚ್ಚಿಕೊಂಡು ಬಂದದ್ದು ಆಗಲೇ. ಬಾಟಲಿ ಚೆನ್ನಾಗಿ ಕುಲುಕಿಸಬೇಕು, ಇಲ್ಲದಿದ್ದರೆ ತೂತು ಮುಚ್ಚುವ ಸಣ್ಣ ಚೂರುಗಳೆಲ್ಲ ತಳದಲ್ಲೇ ಉಳಿಯುತ್ತವೆ. ಸಿರಿಂಜಿನಲ್ಲಿ 120 ಮಿಲಿ ಎಳೆದು ವಾಲ್ವಿನ ಮೂಲಕ ಒಳಗೆ ಬಿಟ್ಟೆ. ಪಿನ್ ಹಾಕಿ, ಗಾಳಿ ತುಂಬಿಸಿ, ಚಕ್ರವನ್ನು ಮೊರದಲ್ಲಿ ಅಕ್ಕಿ ಕೇರುವ ಹಾಗೆ ಆಚೆ ಈಚೆ ಆಡಿಸಿದೆ. ಆಮೇಲೆ ಬಕೆಟಿನ ಮೇಲೆ ಅಡ್ಡ ಮಲಗಿಸಿ ಹತ್ತು ನಿಮಿಷಕ್ಕೊಮ್ಮೆ ಮಗುಚಿದೆ. ಮುಂದಿನ ಚಕ್ರ ಮುಗಿಯಿತು.

ಹಿಂದಿನ ಚಕ್ರ ಮೂರು ದಿನ ತಿಂದಿತು. ಟಯರು ನನ್ನ ಹಳೆಯದೇ, ಟ್ಯೂಬ್‌ಲೆಸ್‌ಗೆ ಅಂತ ಮಾಡಿದ್ದಲ್ಲ. ಅಂಥ ಟಯರಿನ ಬದಿಗೆ ಒಳಗಿನಿಂದ ಗಾಳಿ ಹಿಡಿಯುವ ಪದರ ಇರುವುದಿಲ್ಲ. ಗಾಳಿ ತುಂಬಿದ ಅರ್ಧ ಗಂಟೆಯಲ್ಲಿ ಬದಿಯ ತುಂಬ ಬಿಳಿ ಹನಿ ಮೂಡಿತು. ಟಯರು ಬೆವರಿದ ಹಾಗೆ. ಇದು ಹೆದರುವ ವಿಷಯ ಅಲ್ಲ, ಹಾಲು ಆ ಸಣ್ಣ ರಂಧ್ರಗಳಲ್ಲಿ ಒಣಗಿ ತಾನೇ ಮುಚ್ಚುತ್ತದೆ. ಎರಡು ದಿನದಲ್ಲಿ ಮುಚ್ಚಿತು ಕೂಡ. ಆದರೂ ಬೆಳಿಗ್ಗೆ ನೋಡಿದರೆ ಚಕ್ರ ಚಪಾತಿ. ಮತ್ತೆ ಸಾಬೂನು ನೀರು. ಒಂದೇ ಒಂದು ಕಡ್ಡಿಯ ಬುಡದಲ್ಲಿ ಗುಳ್ಳೆ. ಇಲ್ಲೊಂದು ಮೋಸ ಉಂಟು: ಡಬಲ್ ಗೋಡೆಯ ರಿಮ್ಮಿನ ಹೊಟ್ಟೆ ಟೊಳ್ಳು, ಟೇಪ್ ಒಂದು ಕಡೆ ಹರಿದಿದ್ದರೆ ಗಾಳಿ ಆ ಟೊಳ್ಳಿನಲ್ಲಿ ಓಡಾಡಿ ಇನ್ನೆಲ್ಲೋ ಹೊರಗೆ ಬರುತ್ತದೆ. ಗುಳ್ಳೆ ಬಂದಲ್ಲಿ ತೂತು ಇರಬೇಕೆಂದಿಲ್ಲ. ಟಯರು ಬಿಚ್ಚಿದೆ. ಹಾಲೆಲ್ಲ ಮೈಮೇಲೆ, ಲುಂಗಿಯ ಮೇಲೆ. ಆ ಲುಂಗಿ ಇನ್ನು ಬಿಳಿಯಾಗದು, ರಬ್ಬರ್ ಟ್ಯಾಪಿಂಗ್ ಮಾಡುವವರ ಅಂಗಿಯ ಹಾಗೆ ಕಪ್ಪು ಕಲೆಗಟ್ಟಿದೆ. ಟೇಪ್ ಕಿತ್ತು ಬೆರಳಾಡಿಸಿದಾಗ ವಾಲ್ವಿನಿಂದ ಎಂಟು ಕಡ್ಡಿ ಆಚೆ ಒಂದು ತೂತಿನ ಅಂಚಿನಲ್ಲಿ ಲೋಹದ ಸಣ್ಣ ಮುಳ್ಳು ಸಿಕ್ಕಿತು. ರಿಮ್ ಕೊರೆದವನು ಬಿಟ್ಟುಹೋದದ್ದು. ಟ್ಯೂಬ್ ಇದ್ದಾಗ ದಪ್ಪ ಪಟ್ಟಿಯ ಅಡಿ ಅಡಗಿತ್ತು. ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಮತ್ತೆ ಸ್ಪಿರಿಟ್, ಮತ್ತೆ ಎರಡು ಸುತ್ತು ಟೇಪ್, ಮತ್ತೆ ಕಾಕ, ಮತ್ತೆ ಠಪ್.

ಅಪ್ಪ ಈ ಮೂರು ದಿನವೂ ಸುಮ್ನೆ ನೋಡುತ್ತಿದ್ದರು. ನಾಲ್ಕನೇ ದಿನ ಬೆಳಿಗ್ಗೆ ಒಂದು ಗೆರಟೆ ತುಂಬ ಹಾಲು ತಂದು ಜಗಲಿಯ ಮೇಲೆ ಇಟ್ಟರು. ಈಗಷ್ಟೇ ಮರದಿಂದ ಇಳಿದದ್ದು. "ಇದು ಪುಕ್ಕಟೆ. ಇದನ್ನೇ ಹಾಕು."

ಅವರ ಮಾತಲ್ಲಿ ತಪ್ಪಿಲ್ಲ. ಆದರೆ ಮರದ ಹಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ, ರಬ್ಬರ್ ಇರುವುದು ನೂರಕ್ಕೆ ಮೂವತ್ತೋ ನಲವತ್ತೋ. ಅದಕ್ಕಿಂತ ದೊಡ್ಡ ತೊಂದರೆ, ಅದು ಕಾಯುವುದಿಲ್ಲ. ನಂಬಿಕೆ ಬರಲಿ ಅಂತ ಒಂದು ಸೋಡಾ ಬಾಟಲಿಗೆ ಹೊಯ್ದು ಅಪ್ಪನ ಎದುರೇ ಇಟ್ಟೆ. ಸಂಜೆಗೆ ಮೊಸರಿನ ಹಾಗಾಯಿತು. ಮರುದಿನ ಬಾಟಲಿ ಕವುಚಿದರೂ ಬೀಳಲಿಲ್ಲ. ನಾವು ಶೀಟಿಗೆ ಆಸಿಡ್ ಹಾಕಿ ಬೇಗ ಹೆಪ್ಪುಗಟ್ಟಿಸುತ್ತೇವೆ. ಇವರು ಅಮೋನಿಯ ಹಾಕಿ ಹೆಪ್ಪುಗಟ್ಟದ ಹಾಗೆ ತಡೆಯುತ್ತಾರೆ. ಟಯರಿನ ಒಳಗೆ ತಿಂಗಳುಗಟ್ಟಲೆ ನೀರಾಗಿಯೇ ಇರಬೇಕು, ತೂತಿನಲ್ಲಿ ಗಾಳಿ ತಾಗಿದ ಗಳಿಗೆಯಲ್ಲಿ ಗಟ್ಟಿಯಾಗಬೇಕು. ಒಂಬೈನೂರು ಅದಕ್ಕೆ. ಅಪ್ಪ ಬಾಟಲಿ ಅಲ್ಲಾಡಿಸಿ ನೋಡಿ, "ಒಂಬೈನೂರು ಜಾಸ್ತಿಯೇ" ಅಂದರು. ಅದು ನನಗೂ ಒಪ್ಪಿಗೆ.

ಮೊದಲ ಪರೀಕ್ಷೆ ಹನ್ನೆರಡನೇ ದಿನ. ನಾಯ್ಕಾಪಿನ ಹತ್ತಿರ ಅನಂತಪುರದ ಕಡೆ ತಿರುಗುವ ದಾರಿಯಲ್ಲಿ ಕಾಲಿಗೆ ತಣ್ಣಗೆ ಏನೋ ಸಿಡಿದ ಹಾಗಾಯಿತು. ಮುಂದಿನ ಚಕ್ರದಿಂದ ಪುಸ್ ಪುಸ್ ಪುಸ್, ಸುತ್ತಿಗೊಮ್ಮೆ. ಬಿಳಿ ಹನಿ ಫ್ರೇಮಿನ ಮೇಲೆ, ಮೊಣಕಾಲಿನ ಮೇಲೆ. ಇಳಿಯುವ ಅಂತ ಬ್ರೇಕ್ ಹಿಡಿಯುವಷ್ಟರಲ್ಲಿ ಶಬ್ದ ನಿಂತಿತು. ಬಿದಿರ ಮುಳ್ಳು ಮುರಿದು ಒಳಗೇ ಕೂತಿತ್ತು, ಸುತ್ತ ಹಾಲು ಒದ್ದೆ ಒದ್ದೆ. ಮೊದಲಾಗಿದ್ದರೆ ಸೈಕಲ್ ಕವುಚಿ ಹಾಕಿ ಅರ್ಧ ಗಂಟೆ ಕೂರಬೇಕಿತ್ತು. ಮನೆಗೆ ಬಂದು ಅಳೆದರೆ ಐದಾರು ಪಿಎಸ್ಐ ಮಾತ್ರ ಇಳಿದಿತ್ತು.

ಬೈಂಡಿಂಗ್ ವಯರು ಅಷ್ಟು ಸಾಧು ಅಲ್ಲ. ಕುಂಬಳೆಯಲ್ಲಿ ಹಿಂದಿನ ಟಯರಿಗೆ ಹೊಕ್ಕ ತುಂಡು ಎಳೆದಾಗ ಬಿದ್ದ ತೂತು ಹಾಲಿನಿಂದ ಮುಚ್ಚಲಿಲ್ಲ. ಬೈಕಿನವರು ತುರುಕುವಂಥ ಅಂಟು ಬತ್ತಿಯೇ ಬೇಕಾಯಿತು. ಆದರೆ ಬೈಕಿನದ್ದು ಸೈಕಲಿಗೆ ತೀರಾ ದಪ್ಪ, ತೂತನ್ನೇ ದೊಡ್ಡ ಮಾಡುತ್ತದೆ. ಸೈಕಲಿಗೆ ಅಂತ ತೆಳು ಬತ್ತಿ ಸಿಗುತ್ತದೆ. ಅದು ನಾಲ್ಕು, ಒಂದು ಸಣ್ಣ ಪಂಪು, ಮತ್ತೆ ಒಂದು ಟ್ಯೂಬ್ ಈಗಲೂ ಚೀಲದಲ್ಲಿರುತ್ತದೆ. ಹೌದು, ಟ್ಯೂಬ್. ಬದಿ ಹರಿದರೆ ಅದೇ ಗತಿ.

ಗಾಳಿಯ ವಿಷಯದಲ್ಲಿ ಆಸೆ ಜಾಸ್ತಿ ಮಾಡಿ ಒಮ್ಮೆ ಪಾಠ ಕಲಿತೆ. ನನ್ನ ತೂಕ 74 ಕಿಲೋ. ಟ್ಯೂಬ್ ಇದ್ದಾಗ 40 ಪಿಎಸ್ಐ ಹಾಕುತ್ತಿದ್ದೆ. ಟ್ಯೂಬ್ ಹೋದ ಮೇಲೆ ಮುಂದೆ 25, ಹಿಂದೆ 28. ಮುರಕಲ್ಲಿನ ಮೇಲೆ ಹೋದರೆ ಹಾಸಿಗೆಯ ಮೇಲೆ ಹೋದ ಹಾಗೆ. ಇನ್ನೂ ಮೆತ್ತಗೆ ಇರಲಿ ಅಂತ 20ಕ್ಕೆ ಇಳಿಸಿ ಪೊಸಡಿ ಗುಂಪೆ ಹತ್ತಿದೆ. ಇಳಿಯುವಾಗ ಒಂದು ತಿರುವಿನಲ್ಲಿ ಹಿಂದಿನ ಟಯರು ತೇಗಿತು. ನಿಜವಾಗಿಯೂ ಹೊಟ್ಟೆ ತುಂಬಿದವರ ತೇಗಿನದ್ದೇ ಶಬ್ದ. ಬೀಡು ಒಂದು ಗಳಿಗೆ ಜಾರಿ, ಒಂದು ಬಾಯಿ ಗಾಳಿಯೂ ಹಾಲೂ ಹೊರಗೆ ಬಂದು, ಮತ್ತೆ ಕೂತಿತು. ದಿಬ್ಬ ಇರುವ ರಿಮ್ ಆಗಿದ್ದರೆ ಇಷ್ಟು ಬೇಗ ಆಗುತ್ತಿರಲಿಲ್ಲ. ಎದೆ ಡವಡವ ಅನ್ನುತ್ತಾ ಉಳಿದ ಇಳಿಜಾರನ್ನು ನಡೆದೇ ಇಳಿದೆ. ಅಂದಿನಿಂದ 25ಕ್ಕಿಂತ ಕೆಳಗೆ ಇಳಿಸಿಲ್ಲ.

ಕಾಕನಿಗೆ ಈಗ ನನ್ನ ಸೈಕಲಿನ ಮೇಲೆ ಭಾರೀ ಅಭಿಮಾನ. ಒಂದು ದಿನ ತಮ್ಮ ಹಳೇ ಕಪ್ಪು ಸೈಕಲ್ ತೋರಿಸಿ "ಇದಕ್ಕೂ ಮಾಡುವನಾ?" ಅಂದರು. ಕಬ್ಬಿಣದ ಒಂಟಿ ಗೋಡೆಯ ರಿಮ್, 28 ಇಂಚಿನ ಚಕ್ರ, ಕಡ್ಡಿಯ ನಿಪ್ಪಲ್ ಒಳಗೆ ಎದ್ದು ನಿಂತಿದೆ, ಟೇಪ್ ಎಲ್ಲಿ ಕೂರಬೇಕು? ಆಗುವುದಿಲ್ಲ ಕಾಕ ಅಂದೆ. ಬ್ಯಾಂಕಿನಲ್ಲಿರುವ ಒಬ್ಬ ಗೆಳೆಯ ಸಪೂರ ಟಯರಿನ ರೋಡ್ ಸೈಕಲ್ ತಂದ. ಅದಕ್ಕೂ ಇಲ್ಲ ಅಂದೆ. ಅದರಲ್ಲಿ ನೂರು ಪಿಎಸ್ಐ ಹತ್ತಿರ ಗಾಳಿ. ಸಾದಾ ರಿಮ್ಮಿನಲ್ಲಿ ಅಷ್ಟು ಒತ್ತಡಕ್ಕೆ ಬೀಡು ಹಾರಿದರೆ ಹೈವೇಯಲ್ಲಿ ಅವನನ್ನು ಹೆಕ್ಕಬೇಕಾದೀತು. ಅಗಲ ಟಯರು, ಕಮ್ಮಿ ಗಾಳಿ, ಡಬಲ್ ಗೋಡೆಯ ಅಲಾಯ್ ರಿಮ್. ಇಷ್ಟಿದ್ದರೆ ಮಾತ್ರ ನಾನು ಕೈ ಹಾಕುತ್ತೇನೆ.

ಹಾಲು ಒಣಗುತ್ತದೆ ಅಂತ ಗೊತ್ತಿತ್ತು. ನಮ್ಮ ಸೆಕೆಗೆ ಇನ್ನೂ ಬೇಗ. ಎರಡು ಮೂರು ತಿಂಗಳಿಗೊಮ್ಮೆ ನೋಡಬೇಕಿತ್ತು, ಉದಾಸೀನ ಮಾಡಿದೆ. ಮಾರ್ಚಿನಲ್ಲಿ ಮುಂದಿನ ಚಕ್ರ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗುಳುಗುಳು ಶಬ್ದವೇ ಇಲ್ಲ. ಟಯರು ಬಿಚ್ಚಿದೆ. ಒಳಗೆಲ್ಲ ತೆಳ್ಳನೆ ಬಿಳಿ ಪೊರೆ, ತಳದಲ್ಲಿ ಗೋಲಿಯಷ್ಟು ದೊಡ್ಡ ಒಂದು ರಬ್ಬರ್ ಉಂಡೆ. ಮುಳ್ಳು ಹೊಕ್ಕ ಜಾಗಗಳಲ್ಲಿ ಸಣ್ಣ ಸಣ್ಣ ಗಂಟು, ಎಣಿಸಿದರೆ ಹನ್ನೊಂದು. ಅದರಲ್ಲಿ ನನಗೆ ಗೊತ್ತಾದದ್ದು ಎರಡೇ.

ಅಪ್ಪ ಹತ್ತಿರ ಬಂದು ಕೂತರು. ರಬ್ಬರಿನ ಎಲೆ ಉದುರಿ ಟ್ಯಾಪಿಂಗ್ ನಿಲ್ಲಿಸಿದ್ದ ಸಮಯ, ಅವರಿಗೂ ಕೈಗೆ ಕೆಲಸ ಇರಲಿಲ್ಲ. ಉಗುರಿನಲ್ಲಿ ಪೊರೆಯ ಒಂದು ಕೊನೆ ಎಬ್ಬಿಸಿ ಮೆಲ್ಲ ಎಳೆದರು. ಅಭ್ಯಾಸದ ಕೈ. ನಾನು ಎಳೆದಲ್ಲಿ ಚೂರುಚೂರಾಗುತ್ತಿದ್ದದ್ದು ಅವರ ಕೈಯಲ್ಲಿ ಉದ್ದಕ್ಕೆ ಬಂತು. ಅದನ್ನು ಅಂಗೈಯಲ್ಲಿ ಉಂಡೆ ಕಟ್ಟಿ, ಆ ಗೋಲಿಯನ್ನೂ ಅದಕ್ಕೇ ಒತ್ತಿ, ಒಮ್ಮೆ ಮೂಸಿ ನೋಡಿ ಎದ್ದರು. ಶೀಟಿನ ಶೆಡ್ಡಿನಲ್ಲಿ ಮಾರಲಿಕ್ಕೆ ಇಟ್ಟ ಸ್ಕ್ರ್ಯಾಪಿನ ಗೋಣಿ ಇತ್ತು. ಬಾಯಿ ಬಿಚ್ಚಿ ಅದರೊಳಗೆ ಹಾಕಿದರು.

"ಹದಿನೈದು ರೂಪಾಯಿಯಾದರೂ ವಾಪಸ್ ಬರಲಿ" ಅಂದರು.